ಗಡ್ಡ ಬೋಳಿಸಿಕೊಂಡ ಸೊಸೆ

ಜಪಾನಿನ ಕಾರ್ಟೂನುಗಳಲ್ಲಿ ಯಾರು ಗಂಡು, ಯಾರು ಹೆಣ್ಣು ಎಂಬುದು ನನಗೆ ಇಂದಿಗೂ ಮೊದಲ ನೋಟಕ್ಕೆ ತಿಳಿಯುವುದಿಲ್ಲ. ಎಲ್ಲರಿಗೂ ಬೋಗುಣಿಯಷ್ಟು ಕಣ್ಣು, ಎಲ್ಲರಿಗೂ ಉದ್ದನೆಯ ರೆಪ್ಪೆ. ಅಳು ಬಂದರೆ ಇಬ್ಬರಿಗೂ ಒಂದೇ ಗಾತ್ರದ ಹನಿ. ನಮ್ಮ ಕಡೆ ಹಾಗಲ್ಲ. ಕಣ್ಣೀರು ಹೆಣ್ಣಿಗೆ, ಮೀಸೆ ಗಂಡಿಗೆ ಎಂದು ಹುಟ್ಟುವ ಮೊದಲೇ ಹಂಚಿಕೆಯಾಗಿರುತ್ತದೆ. ಈ ಹಂಚಿಕೆಯಲ್ಲಿ ಅದು ಹೇಗೋ ನನ್ನ ಪಾಲಿಗೆ ಸೌಟು ಬಂದಿತ್ತು.

ಅಮ್ಮ ಬೇಗ ತೀರಿಕೊಂಡಿದ್ದರು. ಗುಬ್ಬಿಯ ನಮ್ಮ ಮನೆಯಲ್ಲಿ ಅಪ್ಪನಿಗೂ ನನಗೂ ಬೇಯಿಸುತ್ತಿದ್ದವನು ನಾನೇ. ಹೊಟ್ಟೆಪಾಡಿಗೆ ಗುಮಾಸ್ತನಾಗಿದ್ದರೂ ನನ್ನ ನಿಜವಾದ ಪ್ರತಿಭೆ ಇದ್ದದ್ದು ಬಸ್ಸಾರಿನಲ್ಲಿ. ಆದರೆ ಹೊರಗೆ ಅದು ಗುಟ್ಟು. ನಾವು ದಿನಾ ಪೂಜಿಸುವ ಶಿವ ಅರ್ಧ ಮೈಯನ್ನೇ ಹೆಂಡತಿಗೆ ಬಿಟ್ಟುಕೊಟ್ಟವನು; ಪಟದಲ್ಲಿ ಒಂದು ಕಡೆ ಮೀಸೆ, ಇನ್ನೊಂದು ಕಡೆ ಮೂಗುತಿ. ಅದಕ್ಕೆ ಕೈಮುಗಿದು ಬರುವ ಜನವೇ ಗಂಡಸಿನ ಮುಂದೆ ಈಳಿಗೆಮಣೆ ಕಂಡರೆ ಮುಸಿಮುಸಿ ನಗುತ್ತಾರೆ.

ಎಂಬತ್ತರ ದಶಕದ ನಡುವಿನಲ್ಲಿ ಕುಣಿಗಲ್ಲಿಗೆ ಹೆಣ್ಣು ನೋಡಲು ಹೊರಟಾಗ, ಜೊತೆಗಿದ್ದ ನಿಟ್ಟೂರಿನ ಸೋದರಮಾವ ಬಸ್ಸಿನಲ್ಲೇ ಎಚ್ಚರಿಸಿದರು.

"ಲೋ, ಅಡುಗೆ ಮಾಡ್ತೀನಿ ಅಂತ ಅಲ್ಲಿ ಬಾಯ್ಬುಟ್ಟೀಯ, ಹುಷಾರು! ಆಗ್ಲೇ ಎರಡು ಮನೆಯೋರು ಹೆಣ್ಣಿಗ ಅಂತ ಬೇಡ ಅಂದವ್ರೆ. ಇದೂ ತಪ್ಪೋದ್ರೆ ನಾನಂತೂ ಇನ್ನು ತಿರ್ಗಲ್ಲ ಕಣೋ."

ಆ ಎರಡು ಮನೆಯವರು ಬೇಡವೆಂದಾಗ ನನಗೆ ಬೇಸರವಾಗಿತ್ತು, ಅಷ್ಟೆ. ಭಯ ಶುರುವಾದದ್ದು ಇಲ್ಲಿ. ಹುಡುಗಿ ಪುಷ್ಪ ಉಪ್ಪಿಟ್ಟಿನ ತಟ್ಟೆಯನ್ನು ನನ್ನ ಮುಂದಿಟ್ಟು, ಒಮ್ಮೆ ನೇರವಾಗಿ ನೋಡಿ, ಬಾಗಿಲ ಪಕ್ಕ ಹೋಗಿ ಕುಳಿತಳು. ಇವಳು ತಪ್ಪಿಹೋಗಬಾರದು ಎಂದು ನನ್ನ ಮನಸ್ಸು ಆ ಕ್ಷಣವೇ ಹಟ ಹಿಡಿಯಿತು. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಿತ್ತು. ಗೊತ್ತಾದರೂ ಗೊತ್ತಾಗದವನಂತೆ ತಿಂದೆ.

ನಮ್ಮ ಗೌರವಕ್ಕೆಂದು ಪುಷ್ಪಳ ಅಣ್ಣ ತುಮಕೂರಿನಿಂದ ಕಲರ್ ಟಿವಿ, ವಿಡಿಯೋ ಡೆಕ್ಕು ಬಾಡಿಗೆಗೆ ತಂದಿದ್ದ. ಭಕ್ತಿಚಿತ್ರ ಕೇಳಿದವನಿಗೆ ಅಂಗಡಿಯವನು ಕೊಟ್ಟ ಕ್ಯಾಸೆಟ್ಟಿನಲ್ಲಿ ಇದ್ದದ್ದು ಅದ್ಯಾವುದೋ ಜಪಾನಿ ಕಾರ್ಟೂನು. ಮಾತು ಒಂದಕ್ಷರ ತಿಳಿಯದು. ಆದರೆ ಬಾಡಿಗೆಗೆ ತಂದದ್ದನ್ನು ಆರಿಸುವುದುಂಟೆ? ಎಲ್ಲರೂ ಕುಳಿತು ಭಕ್ತಿಯಿಂದಲೇ ನೋಡಿದೆವು.

ಕಥೆಯಲ್ಲಿ ಒಬ್ಬ ಸವಾರ ಬೆಟ್ಟ ಹತ್ತಿ, ಹಳ್ಳ ಹಾರಿ ಕಳ್ಳರನ್ನು ಅಟ್ಟುತ್ತಿದ್ದ. ಮನೆಯಲ್ಲಿ ಉದ್ದ ಕೂದಲಿನವಳೊಬ್ಬಳು ಅನ್ನ ಬೇಯಿಸಿ, ತೊಟ್ಟಿಲು ತೂಗಿ, ಕಿಟಕಿಯಲ್ಲಿ ದಾರಿ ಕಾಯುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಪುಷ್ಪಳ ತಂದೆ ಕುದುರೆ ಪಳಗಿಸುವುದರಲ್ಲೇ ತಲೆ ನರೆತವರು. ಅವರಿಗೆ ಭಾಷೆ ಬೇಕಿರಲಿಲ್ಲ.

"ಲಗಾಮು ಹಿಡ್ದಿರೋದು ನೋಡ್ರಿ! ಗಂಡ್ಸು ಅಂದ್ರೆ ಹಿಂಗಿರ್ಬೇಕು," ಎನ್ನುತ್ತಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಕುಳಿತಲ್ಲೇ ಕುಗ್ಗಿದೆ.

ಪುಷ್ಪಳ ಅಜ್ಜಿಗೆ ಕಾರ್ಟೂನಿನ ಮನೆಯಲ್ಲಿದ್ದವಳು ಹಿಡಿಸಿದ್ದಳು. "ಸೊಸೆ ಅಂದ್ರೆ ಹಂಗಿರ್ಬೇಕು ಕಣೇ. ನಿಂಗೆ ಉಪ್ಪಿಟ್ಟಿಗೆ ಉಪ್ಪು ಹಾಕೋ ಗ್ಯಾನಾನೂ ಇಲ್ಲ," ಎಂದು ಮೊಮ್ಮಗಳನ್ನು ಗದರಿದರು. ಪುಷ್ಪ ತಲೆ ತಗ್ಗಿಸಿದಳು. ಒಂದು ಕಾರ್ಟೂನು ನಮ್ಮಿಬ್ಬರನ್ನೂ ಒಟ್ಟಿಗೆ ಫೇಲು ಮಾಡಿತ್ತು.

ಕಥೆಯಲ್ಲಿ ಬೆಳಗಾಯಿತು. ಅಜ್ಜಿ ಮೆಚ್ಚಿದ ಆ ಸೊಸೆ ಎದ್ದು, ಕನ್ನಡಿಯ ಮುಂದೆ ಕುಳಿತು, ಕೆನ್ನೆಗೆ ನೊರೆ ಬಳಿದುಕೊಂಡು, ಸಾವಧಾನವಾಗಿ ಗಡ್ಡ ಬೋಳಿಸಿಕೊಂಡಳು. ಅಷ್ಟರಲ್ಲಿ ಸವಾರ ಬಂದಿಳಿದು, ತೊಟ್ಟಿಲಿನಿಂದ ಮಗುವನ್ನೆತ್ತಿಕೊಂಡು, ಗೋಡೆಗೆ ಮುಖಮಾಡಿ ಹಾಲೂಡಿಸಲು ಕುಳಿತ.

"ಶಿವಶಿವಾ," ಎಂದರು ಅಜ್ಜಿ.

ಪುಷ್ಪಳ ತಂದೆ ಟಿವಿಯ ಹತ್ತಿರಕ್ಕೆ ಬಗ್ಗಿ ನೋಡಿದರು. ಆಮೇಲೆ, "ಹೆಂಗ್ಸೇ ಆಗ್ಲಿ, ಕುದುರೆ ಮೇಲೆ ಕೂತಿದ್ದು ಮಾತ್ರ ಸರಿಯಾಗೇ ಇತ್ತು," ಎಂದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆ ಮಾತಿನಿಂದ.

ಆ ಜಪಾನಿ ಚಿತ್ರಕಾರ ಯಾವ ಉಪದೇಶವನ್ನೂ ಮಾಡುತ್ತಿದ್ದಂತೆ ನನಗೆ ಕಾಣಲಿಲ್ಲ. ಒಬ್ಬರಿಗೆ ಕುದುರೆ ಸವಾರಿ ಬರುತ್ತಿತ್ತು, ಹತ್ತಿದರು. ಇನ್ನೊಬ್ಬರಿಗೆ ಅಡುಗೆ ಬರುತ್ತಿತ್ತು, ಮಾಡಿದರು. ಇಷ್ಟು ಸುಲಭದ ಸಂಗತಿಗೆ ನಾವು ಬಸ್ಸಿನಲ್ಲಿ ಪಿಸುಗುಟ್ಟುತ್ತಾ ಬಂದಿದ್ದೆವಲ್ಲ ಎನಿಸಿತು.

ಆಗ ಪುಷ್ಪ ತಲೆಯೆತ್ತಿ, "ನಿಮಗೆ ಅಡುಗೆ ಬರುತ್ತಾ?" ಎಂದು ನನ್ನನ್ನು ಕೇಳಿದಳು.

ಹೆಣ್ಣಿಗೆ ಕೇಳುವ ಪ್ರಶ್ನೆ ಗಂಡಿಗೆ ಬಂದಿತ್ತು. ಪಕ್ಕದಲ್ಲಿದ್ದ ಸೋದರಮಾವ ನನ್ನ ತೊಡೆ ಚಿವುಟಿದರು. ಇಲ್ಲ ಎಂದರೆ ಈ ಮನೆಯ ಹಿರಿಯರು ಒಪ್ಪುತ್ತಾರೆ, ಹೌದು ಎಂದರೆ ಮೂರನೆಯ ಮನೆಯೂ ಹೋಗುತ್ತದೆ. ಆದರೆ ಅಷ್ಟು ನೇರವಾಗಿ ಕೇಳಿದವಳಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

"ಬರುತ್ತೆ. ಮನೇಲಿ ನಾನೇ ಮಾಡೋದು. ಮುದ್ದೆ ಮಾತ್ರ ಗಂಟು ಕಟ್ಟುತ್ತೆ," ಎಂದೆ.

ಮಾವ ಕಣ್ಣು ಮುಚ್ಚಿಕೊಂಡರು. 'ಊರಿಗೆ ಹೋಗಿ ಕಾಗದ ಬರೀತೀವಿ' ಎಂದು ಹೇಳಿ ಮೇಲೇಳುವುದು ಗಂಡಿನ ಕಡೆಯವರ ಹಕ್ಕು. ಅದಕ್ಕೆಂದು ಅವರು ಬಾಯಿ ತೆರೆಯುವಷ್ಟರಲ್ಲಿ ಪುಷ್ಪ ತಂದೆಯ ಕಡೆ ತಿರುಗಿದಳು.

"ಅಪ್ಪಾ, ಮುದ್ದೆ ನಾನು ತಿರುವ್ತೀನಿ. ಹೂಂ ಅಂದ್ಬುಡು."

ಹೆಣ್ಣು ನೋಡಲು ಹೋಗಿದ್ದ ನಾನು ಹೀಗೆ ಒಪ್ಪಿಗೆಯಾದೆ.