ಬೆಂಚಿನ ಮೇಲಿದ್ದ ಸೀಟಿ

ಕಳೆದ ಜನವರಿಯ ಮೂರನೆಯ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಇದ್ದವರು: ಡ್ರೈವರ್ ಮೊಯ್ದು, ಗಾರ್ಡ್ ನಾನು, ಎರಡು ಡಬ್ಬಿಗಳಲ್ಲಿ ಇಪ್ಪತ್ತಾರು ಪ್ರಯಾಣಿಕರು.

ಮೊದಲೇ ಹೇಳಿಬಿಡುತ್ತೇನೆ. ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ರೈಲ್ವೆಯಲ್ಲಿದ್ದಾಗ, ಸುರಂಗದಲ್ಲಿ ಬಿಳಿ ಸೀರೆ ಕಂಡೆ ಎಂದ ಸಹೋದ್ಯೋಗಿಗೆ ಕಣ್ಣಿನ ಡಾಕ್ಟರ ವಿಳಾಸ ಬರೆದುಕೊಟ್ಟವನು ನಾನು. ಈಗ ನೀವು ನನಗೆ ಕಿವಿಯ ಡಾಕ್ಟರ ವಿಳಾಸ ಕೊಡಬಹುದು. ಬೇಡ, ಹೋಗಿ ಬಂದಿದ್ದೇನೆ. ಕಿವಿ ಸರಿಯಿದೆ.

ಕೊಡಗಿನಲ್ಲಿ ರೈಲಿಲ್ಲ. ಇರುವುದು ತಿತಿಮತಿ ಕಡೆಯ ಒಂದು ಎಸ್ಟೇಟಿನಲ್ಲಿ ಕಾಫಿ ಗಿಡಗಳ ನಡುವೆ ಹಾಕಿದ ಎರಡು ಕಿಲೋಮೀಟರ್ ಕಿರುಹಳಿ ಮಾತ್ರ. ಸಕ್ಕರೆ ಕಾರ್ಖಾನೆಯೊಂದು ಗುಜರಿಗೆ ಹಾಕಿದ್ದ ಹಳೆಯ ಉಗಿ ಎಂಜಿನನ್ನು ಎಸ್ಟೇಟಿನವರು ತಂದು ರಿಪೇರಿ ಮಾಡಿಸಿ, ಭಾನುವಾರಗಳಂದು ಪ್ರವಾಸಿಗರನ್ನು ಕೂರಿಸಿ ಓಡಿಸುತ್ತಾರೆ. ಕುಶಾಲನಗರದಲ್ಲಿ ನಿವೃತ್ತನಾಗಿ ಕುಳಿತಿದ್ದ ನನ್ನನ್ನು ಕರೆದಾಗ ಒಂದೇ ಷರತ್ತು ಹಾಕಿದೆ: ಆಟದ ರೈಲಾದರೂ ನಿಯಮ ನಿಜದ್ದೇ ಇರಬೇಕು. ನಡೆದದ್ದೆಲ್ಲ ಗಾರ್ಡ್ ಪುಸ್ತಕಕ್ಕೆ ಏರಬೇಕು.

ಹಿಂದಿನ ವಾರ ಎಂಜಿನಿನ ಸೀಟಿಯಿಂದ ಉಗಿ ಸೋರಿತ್ತು. ಆ ದಿನ ಬೆಂಕಿ ಹಾಕುವ ಮೊದಲೇ ಮೊಯ್ದು ಅದನ್ನು ಬಿಚ್ಚಿ, ಪೈಪಿನ ಬಾಯಿಯನ್ನು ಭದ್ರವಾಗಿ ಮುಚ್ಚಿದ. ಸೀಟಿಯನ್ನು ಶೆಡ್ಡಿನ ಬೆಂಚಿನ ಮೇಲಿಟ್ಟವನು ನಾನೇ. ಪುಸ್ತಕದಲ್ಲಿ ಬರೆದೆ: ‘ಸೀಟಿ ತೆಗೆದಿದೆ. ಬದಲಿಗೆ ಕೈಗಂಟೆ.’

ಎಸ್ಟೇಟಿನೊಳಗೆ ಹರಿಯುವ ತೋಡಿನ ಸೇತುವೆಗೆ ಮುಂಚೆ ಒಂದು ಇಳಿಜಾರಿದೆ. ಅಲ್ಲಿ ಎಂಜಿನ್ ಮೂರು ಸಲ ಕೂಗಿತು. ಮೂರೂ ಚಿಕ್ಕ ಕೂಗು. ಉಗಿ ಕಾಲದ ಗಾರ್ಡಿಗೆ ಅದರ ಅರ್ಥ ಬಾಯಿಪಾಠ: ಗಾಡಿ ಡ್ರೈವರನ ಕೈಮೀರಿದೆ, ನೀನು ಬ್ರೇಕ್ ಹಾಕು. ಹಿಂದಿನ ಡಬ್ಬಿಯಲ್ಲಿದ್ದ ಬ್ರೇಕಿನ ಚಕ್ರವನ್ನು ನನ್ನ ಕೈ ತಾನೇ ತಿರುಗಿಸಿತು. ಗಾಡಿ ಜಗ್ಗಿ ನಿಂತಿತು.

ಮೊಯ್ದು ಓಡಿಬಂದ. “ಎಂಥ ಸಾರ್ ಇದು? ಬ್ರೇಕ್ ಯಾಕೆ ಹಾಕಿದ್ದು?”

“ನೀನೇ ಮೂರು ಸೀಟಿ ಹೊಡೆದೆಯಲ್ಲ.”

“ಸೀಟಿ ಎಲ್ಲುಂಟು ಸಾರ್? ನೀವೇ ಅಲ್ವಾ ಬೆಂಚಿನ ಮೇಲೆ ಇಟ್ಟದ್ದು? ನಾನೇನು ಬಾಯಲ್ಲಿ ಹೊಡೀಬೇಕಾ?”

ಪ್ರಯಾಣಿಕರು ನಕ್ಕರು. ಅವರಲ್ಲಿ ಯಾರಿಗೂ ಏನೂ ಕೇಳಿಸಿರಲಿಲ್ಲ. ಕಾಜಾಣ ಹಕ್ಕಿ ಅಣಕಿಸಿರಬೇಕು ಎಂದರೊಬ್ಬರು. ಇಷ್ಟು ವರ್ಷ ಉಗಿಯ ಕೂಗು ಕೇಳಿದವನಿಗೆ ಹಕ್ಕಿಯ ಕೂಗು ಬೇರೆಯೆಂದು ತಿಳಿಯದೇ? ನಾನು ಇಳಿದು ಸೇತುವೆಯವರೆಗೆ ನಡೆದೆ. ಹಳಿ, ಬೋಲ್ಟು, ಕೆಳಗಿನ ಕಂಬ, ಎಲ್ಲವೂ ಸರಿಯಿದ್ದವು. ಆನೆಯಿಲ್ಲ, ಮರ ಬಿದ್ದಿಲ್ಲ. ಹಿಂತಿರುಗಿ ಹಸಿರು ಬಾವುಟ ತೋರಿಸಿದೆ.

ಮಧ್ಯಾಹ್ನ ಮ್ಯಾನೇಜರ್ ಪೂವಯ್ಯ ಪುಸ್ತಕ ಓದಿದರು. “ಸಾರ್, ಮೇಲೆ ಸೀಟಿ ಇಲ್ಲ ಅಂತ ಬರ್ದಿದ್ದೀರಿ, ಕೆಳಗೆ ಸೀಟಿ ಕೇಳಿಸ್ತು ಅಂತ ಬರ್ದಿದ್ದೀರಿ. ಒಂದನ್ನ ಹೊಡೆದುಹಾಕಿ.”

“ಎರಡೂ ನಿಜ.”

“ಬ್ರೇಕ್ ಜಾಮ್ ಆಯ್ತು ಅಂತ ಬರೀರಿ. ಮುಗೀತು.”

“ಬ್ರೇಕ್ ಚೆನ್ನಾಗಿತ್ತು. ಅದರ ಮೇಲೆ ಸುಳ್ಳು ದೂರು ಹಾಕುವುದಿಲ್ಲ.”

“ಓನರ್ ನೋಡಿದ್ರೆ ಅಜ್ಜನಿಗೆ ವಯಸ್ಸಾಯ್ತು ಅಂತಾರೆ. ಹೊಡೆದುಹಾಕದಿದ್ರೆ ಮೂರು ಗಂಟೆ ಟ್ರಿಪ್ಪಿಗೆ ಬಾವುಟ ಬೇರೆಯವರ ಕೈಗೆ.”

ಆ ಬಾವುಟ ಹೋದರೆ ನನ್ನ ಭಾನುವಾರಗಳಲ್ಲಿ ಉಳಿಯುವುದೇನೂ ಇಲ್ಲ. ಆದರೂ ಹಸಿರು, ಕೆಂಪು ಎರಡೂ ಬಾವುಟ ಮಡಚಿ ಅವರ ಮೇಜಿನ ಮೇಲಿಟ್ಟೆ. ಪೆನ್ನು ಮಾತ್ರ ಜೇಬಿನಲ್ಲೇ ಇತ್ತು.

ಬಾಗಿಲಲ್ಲಿ ನಿಂತಿದ್ದ ಮೊಯ್ದು ಬಾಯಿ ಹಾಕಿದ. “ಗಾರ್ಡ್ ಸಾರ್ ಇಲ್ಲದಿದ್ರೆ ನಾನು ಗಾಡಿ ತೆಗೆಯಲ್ಲ. ಇಲ್ಲದ ಸೀಟಿಗೇ ಬ್ರೇಕ್ ಹಾಕೋರು, ಇರೋ ಸೀಟಿಗೆ ಹಾಕದೆ ಬಿಡ್ತಾರಾ?”

ಪೂವಯ್ಯನವರು ನಗು ತಡೆಯಲಾರದೆ ಬಾವುಟಗಳನ್ನು ನನ್ನ ಕಡೆ ತಳ್ಳಿದರು. ಮೂರರ ಟ್ರಿಪ್ ಮೂರಕ್ಕೇ ಹೊರಟಿತು.

ನನ್ನಲ್ಲಿ ವಿವರಣೆಯಿಲ್ಲ. ದೆವ್ವ ಎನ್ನುವವರಿಗೂ ಮುದಿತನ ಎನ್ನುವವರಿಗೂ ಒಂದೇ ಉತ್ತರ: ವಿವರಿಸಲಾಗದ ಮಾತ್ರಕ್ಕೆ ಕೇಳಿದ್ದನ್ನು ಕೇಳಲಿಲ್ಲ ಎನ್ನುವವನಲ್ಲ ನಾನು.

ಐದಕ್ಕೆ ಪ್ರಯಾಣಿಕರನ್ನು ಎಣಿಸಿ ಇಳಿಸಿ, ಬ್ರೇಕ್ ಬಿಗಿದು ಶೆಡ್ಡಿಗೆ ಹೋದೆ. ಸೀಟಿಯನ್ನು ಮುಟ್ಟಿ ನೋಡಿ, ಪುಸ್ತಕ ತೆರೆದು ಆ ಎರಡು ಸಾಲುಗಳ ಕೆಳಗೆ ಬರೆದೆ: ‘ಸೀಟಿ ಬೆಂಚಿನ ಮೇಲೇ ಇದೆ. ತಣ್ಣಗಿದೆ.’ ಮೂರಕ್ಕೂ ಸಹಿ ಹಾಕಿ, ಬೀಗ ಜಡಿದು, ಕೀಲಿಯನ್ನು ಮೊಳೆಗೆ ತೂಗಿಸಿದೆ. ಐದು ನಲವತ್ತು.