ಕಷಾಯದಕ್ಕನ ನಾಲಿಗೆ

ಕಿತ್ತಳೆ ಶೆಡ್ಡಿನಲ್ಲಿ ಅವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ಅವಳು ಕಷಾಯದಕ್ಕ. ಕೊಯ್ದು ತಂದ ಹಣ್ಣಿಗೆ ಹಸಿರು ಬೂಷ್ಟು ಹಿಡಿಯದಂತೆ ಲವಂಗದ ಎಲೆ, ಮೊಗ್ಗು ಕುದಿಸಿ, ಸೋಸಿ, ಡ್ರಮ್ಮಿನ ನೀರಿಗೆ ಬೆರೆಸಿ, ಹಣ್ಣನ್ನು ಬುಟ್ಟಿ ಸಮೇತ ಅದ್ದಿ ತೆಗೆಯುವುದು ಹದಿನೇಳು ವರ್ಷದಿಂದ ಅವಳದೇ ಕೆಲಸ. ಅಳತೆ ಪಾತ್ರೆ ಮುಟ್ಟಿದವಳೇ ಅಲ್ಲ. ಡ್ರಮ್ಮಿನ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದರೆ ಸಾಕು, "ಆಯ್ತು, ಅದ್ದಿ ಇನ್ನು" ಅನ್ನುತ್ತಿದ್ದಳು.

ಈ ಸಲದ ಜ್ವರ ಇಳಿಯಿತು, ಮೂಗು ಮಾತ್ರ ಸತ್ತೇ ಹೋಯಿತು. ಅವಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ವಾಸನೆ ಸಿಗಲಿಲ್ಲವಲ್ಲ ಎಂದು ಕಷಾಯವನ್ನು ಒಂದು ಚೆಂಬು ಹೆಚ್ಚು ಸುರಿದಳು, ಮತ್ತೊಂದು, ಇನ್ನೊಂದು. ಮೂರನೇ ದಿನ ಹನ್ನೆರಡು ಕ್ರೇಟು ಹಣ್ಣಿನ ಸಿಪ್ಪೆಯ ಮೇಲೆ ಸುಟ್ಟಂಥ ಕಂದು ಕಲೆ!

ಮೇಸ್ತ್ರಿ ಒಂದು ಹಣ್ಣು ತಿರುಗಿಸಿ ನೋಡಿದ. "ಇದು ಬೂಷ್ಟಲ್ಲ ಕಣಕ್ಕ. ನಿನ್ನ ಸೊಪ್ಪಿನ ನೀರೇ ಕೈ ಕೊಟ್ಟಿದೆ. ಪುಡಿ ಔಷಧಿ ತರಿಸ್ತೀನಿ, ಡ್ರಮ್ ತೊಳೆದಿಟ್ಬಿಡು."

ಪಕ್ಕದಲ್ಲೇ ಹಣ್ಣು ಆರಿಸುತ್ತಿದ್ದ ಅವಳ ತಂಗಿ ರೇಗಿದಳು. "ಹದಿನೇಳು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದಾಳೆ. ಒಂದ್ಸಲಕ್ಕೇ ಹೀಗಾ?"

"ಸುಮ್ನಿರೇ." ಅಕ್ಕ ಸೋಸುವ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು. "ತಪ್ಪು ಕಷಾಯದ್ದಲ್ಲ, ನಂದು. ಜ್ವರ ಬಂದಾಗಿಂದ ಮೂಗಿಗೆ ಏನೂ ಗೊತ್ತಾಗ್ತಿಲ್ಲ."

ತಂಗಿ ಕೈಯಲ್ಲಿದ್ದ ಹಣ್ಣನ್ನು ಬುಟ್ಟಿಗೆ ಹಾಕಿ ಎದ್ದು ಬಂದಳು.

"ಮೊನ್ನೆ ಹಾಲು ಸೀದು ಮನೆಯೆಲ್ಲಾ ನಾರ್ತಿದ್ರೂ ಮಹಾರಾಣಿ ಹಾಗೆ ಕೂತಿದ್ಯಲ್ಲ, ಅದಕ್ಕೇನಾ?" ಅಂದಳು ತಂಗಿ. ಅವಳ ದನಿ ಒಡೆದಿತ್ತು.

"ಆರು ದಿನ ಕೊಡಪ್ಪ," ಅಕ್ಕ ಮೇಸ್ತ್ರಿಗೆ ಹೇಳಿದಳು. "ಅಷ್ಟರಲ್ಲಿ ಹದ ಸಿಗ್ಲಿಲ್ಲ ಅಂದ್ರೆ ಡ್ರಮ್ ನಾನೇ ತೊಳೀತೀನಿ."

ಹದವಾದ ಪ್ರತಿ ಡ್ರಮ್ಮಿನಿಂದ ಒಂದು ಸೀಸೆ ಎತ್ತಿಡುವುದು ಅವಳ ಅಭ್ಯಾಸ. ಜ್ವರಕ್ಕೆ ಮುಂಚಿನ ಸೀಸೆ ತೆಗೆದು ಒಂದು ತೊಟ್ಟು ನಾಲಿಗೆಗೆ ಬಿಟ್ಟುಕೊಂಡಳು. ಲವಂಗ ಅಲ್ಲವೇ, ನಾಲಿಗೆ ಜೋಮು ಹಿಡಿಯಿತು. ಬಿಡುವವರೆಗೆ ಎಣಿಸಿದಳು: ನಲವತ್ತು. ಬಾಯಿ ತೊಳೆದು ಈಗಿನ ಡ್ರಮ್ಮಿನದನ್ನು ಮುಟ್ಟಿಸಿದರೆ ನೂರು ದಾಟಿದರೂ ಜೋಮು ಬಿಡಲಿಲ್ಲ. ನೀರು ಬೆರೆಸಿದಳು, ಎಣಿಸಿದಳು, ಮತ್ತೆ ಬೆರೆಸಿದಳು. ಎಣಿಕೆ ನಲವತ್ತಕ್ಕೆ ಇಳಿಯುವ ಹೊತ್ತಿಗೆ ಅವಳ ಮಾತೇ ತೊದಲುತ್ತಿತ್ತು.

ಇಪ್ಪತ್ತು ಹಣ್ಣಿಗೆ ಸೂಜಿ ಚುಚ್ಚಿ, ಬೂಷ್ಟು ಹಿಡಿದ ಹಣ್ಣಿಗೆ ಉಜ್ಜಿದಳು. ಹತ್ತನ್ನು ಹೊಸ ಹದದ ಕಷಾಯದಲ್ಲಿ ಅದ್ದಿದಳು, ಹತ್ತನ್ನು ಹಾಗೇ ಬಿಟ್ಟಳು. ಎರಡೂ ಬುಟ್ಟಿಗೆ ಒದ್ದೆ ಗೋಣಿ ಹೊದಿಸಿದಳು.

ಆರನೇ ದಿನ ಬೆಳಿಗ್ಗೆ ಮೇಸ್ತ್ರಿಯೇ ಗೋಣಿ ಎತ್ತಿದ. ಅದ್ದದ ಹತ್ತೂ ಹಸಿರು ಪುಡಿಯಲ್ಲಿ ಮುಳುಗಿದ್ದವು. ಅದ್ದಿದ್ದರಲ್ಲಿ ಒಂದರ ತೊಟ್ಟಿನ ಬಳಿ ಮಾತ್ರ ಬೆರಳಗಲ ಬಿಳಿ ಬೂಷ್ಟು. ಕಂದು ಕಲೆ ಒಂದೂ ಇಲ್ಲ.

"ಡ್ರಮ್ ಇರ್ಲಿ ಬಿಡಕ್ಕ," ಅಂದ. "ಆದ್ರೆ ಈ ಎಣಿಕೆ ತಂಗಿಗೂ ಕಲಿಸು. ನಾಳೆ ನಾಲಿಗೆನೂ ಮುಷ್ಕರ ಹೂಡಿದ್ರೆ?"

ತಂಗಿ ಆಗಲೇ ನಾಲಿಗೆ ಚಾಚಿ ನಿಂತಿದ್ದಳು. ಅಕ್ಕ ತೊಟ್ಟು ಬಿಟ್ಟು ಎಣಿಸತೊಡಗಿದಳು. ಎಣಿಸುತ್ತಲೇ ಒಂದು ಹಣ್ಣಿನ ಸಿಪ್ಪೆ ಚಿವುಟಿ, ಹಳೆಯ ಅಭ್ಯಾಸಕ್ಕೆ ಮೂಗಿನ ಹತ್ತಿರ ಹಿಡಿದಳು. ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ಆಮೇಲೆ ಕೆಳಗಿಟ್ಟಳು.

"ಮೂವತ್ತೆಂಟು, ಮೂವತ್ತೊಂಬತ್ತು... ಜೋಮು ಬಿಡ್ತೇನೇ?"

ತಂಗಿ ಹೂಂಗುಟ್ಟಿದಳು.