ಹೊಳೆವ್ವನ ಮೂರನೆಯ ಪಂಖಾ

ಹೊಳೆವ್ವನನ್ನು ನಾನು ಮೊದಲು ನೋಡಿದ್ದು ಅವಳ ಮದುವೆಯ ಮರುದಿನ. ನಮ್ಮ ಊರು ಕುಡಚಿಗಿಂತ ಕೆಳಗೆ, ಕೃಷ್ಣಾ ನದಿಯ ದಡದಲ್ಲಿದೆ. ಅಂದು ನಾನು ಘಾಟಿನ ಕಲ್ಲಿನ ಮೇಲೆ ಮೀನಿನ ಬುಟ್ಟಿ ತೊಳೆಯುತ್ತಿದ್ದೆ. ಧೂಳಪ್ಪನ ಹೊಸ ಹೆಂಡತಿ ಬರುತ್ತಾಳೆಂದು ಓಣಿಯ ಜನವೆಲ್ಲ ದಡಕ್ಕೆ ಇಳಿದಿತ್ತು. ದೋಣಿ ತಿರುವು ದಾಟಿ ಬಂತು. ನೋಡಿದರೆ ಹುಟ್ಟು ಹಾಕುತ್ತಿದ್ದವಳು ಮದುಮಗಳೇ! ಹಸಿರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಮೊಣಕೈವರೆಗೂ ಬಳೆ ಏರಿಸಿದ್ದಳು. ಧೂಳಪ್ಪ ತಲೆಗೆ ಸುತ್ತಿದ ಹೊಸ ಪಟಗ ಗಾಳಿಗೆ ಹಾರದಂತೆ ಎರಡೂ ಕೈಯಿಂದ ಹಿಡಿದುಕೊಂಡು ಮುಂದೆ ಕುಳಿತಿದ್ದ.

ದೋಣಿಕಾರರ ಹಿರಿಯ ಗುರಪ್ಪ ದಡದಿಂದಲೇ ಕೂಗಿದ: "ಏ ಧೂಳ್ಯಾ, ಹೇಣ್ತಿನ್ನ ತಂದಿಯೋ, ಅಂಬಿಗನ್ನ ತಂದಿಯೋ?"

"ಎರಡೂ ಒಂದಾ ಖೇಪಿಗೆ ಬಂದಾವ್ರಿ ಕಾಕಾ," ಎಂದು ಮದುಮಗಳೇ ಉತ್ತರ ಕೊಟ್ಟಳು. ದಡದವರೆಲ್ಲ ನಕ್ಕರು. ನಾನೂ ನಕ್ಕೆ. ಗಂಡ ಸತ್ತ ಮೇಲೆ ನಾನು ಅಷ್ಟು ಜೋರಾಗಿ ನಕ್ಕಿದ್ದು ಅಂದೇ.

ಅದು ಎಂಬತ್ನಾಲ್ಕನೇ ಇಸವಿ. ಅಂದಿನಿಂದ ಗಂಡ ಹೆಂಡತಿ ಇಬ್ಬರೂ ಬಲೆ ಹಾಕುತ್ತಿದ್ದರು, ಬಂದ ಮೀನನ್ನು ನಾನು ಮಾರುತ್ತಿದ್ದೆ. ಮಳೆಗಾಲದಲ್ಲಿ ನಮ್ಮೂರಿನ ಕರಿಮಣ್ಣಿನ ದಾರಿಯಲ್ಲಿ ಚಕ್ಕಡಿ ಹೂತುಹೋಗುತ್ತದೆ. ದೀಪಾವಳಿ ಕಳೆಯುವವರೆಗೂ ಆ ಕೆಸರು ಒಣಗುವುದಿಲ್ಲ. ಮೀನು ಹೆಚ್ಚು ಸಿಗುವುದೂ ಆ ತಿಂಗಳುಗಳಲ್ಲೇ. ಹಾಗಾಗಿ ಸೆಳವಿಗೆ ಎದುರಾಗಿ ದೋಣಿಯಲ್ಲೇ ಕುಡಚಿಗೆ ಒಯ್ಯಬೇಕು. ಅಲ್ಲಿ ಮುಂಜಾನೆಯ ಮಿರಜ ರೈಲು ಗಾಡಿ ಹಿಡಿದರೆ ಮೀನಿಗೆ ಬೆಲೆ, ತಪ್ಪಿದರೆ ನಾತ.

ತೊಂಬತ್ತೆರಡರ ಶ್ರಾವಣದಲ್ಲಿ ಧೂಳಪ್ಪ ಘಾಟಿನಲ್ಲಿ ಜಾರಿದ. ದೋಣಿಗೂ ಕಲ್ಲಿಗೂ ನಡುವೆ ಸಿಕ್ಕು ಅವನ ಬಲಭುಜ ಮುರಿಯಿತು. ಮೂಳೆ ಕೂಡಿತಾದರೂ ಕೈ ಎದೆಗಿಂತ ಮೇಲೆ ಏಳಲಿಲ್ಲ, ಹುಟ್ಟು ಹಾಕಲು ಬರಲಿಲ್ಲ. ತುಂಬಿದ ದೋಣಿಯನ್ನು ಹೊಳೆವ್ವ ಒಬ್ಬಳೇ ಮೇಲಕ್ಕೆ ಒಯ್ಯಲಾರಳು. ಕುಡಚಿಯ ಈಚೆ ಜಾಲಿಮರದ ತಿರುವಿನಲ್ಲಿ ಸೆಳವು ಅಷ್ಟು ಬಿಗಿ. ಅಷ್ಟರಲ್ಲಿ ಕಬ್ಬು ಕಡಿಯುವ ಆಳುಗಳ ಟೋಳಿ ಕಟ್ಟುವ ಮುಕಾದಮ ಬಂದ. "ದೋಣಿ ಮಾರ್ರಿ, ಟೋಳಿಗೆ ಬರ್ರಿ. ದೀಪಾವಳಿ ಅಮಾಸಿಗೆ ಬಂದು ಕೇಳತೀನಿ," ಎಂದು ಹೇಳಿ ಹೋದ. ಧೂಳಪ್ಪನ ಭುಜಕ್ಕೆ ಕಬ್ಬು ಕಡಿಯುವ ಕೊಯ್ತಾ ಹಿಡಿಯುವ ಶಕ್ತಿ ಇರಲಿಲ್ಲ. ಹೋದರೆ ಹೊಳೆವ್ವ ಒಬ್ಬಳೇ ಹೋಗಬೇಕು, ಪರರ ಊರಿನ ಗದ್ದೆಯಲ್ಲಿ ಹೊರೆ ಕಟ್ಟಬೇಕು. ಹೊಳೆಯಲ್ಲೇ ಹುಟ್ಟಿ ಬೆಳೆದವಳು. ಆ ಮಾತು ಕೇಳಿದ ದಿನ ಅವಳು ಊಟ ಮಾಡಲಿಲ್ಲ.

ಅವಳ ತಮ್ಮ ಮಾಳಸಿದ್ದ ಮಾಲವಣದ ಕಡೆ ಸಮುದ್ರದ ದೋಣಿಗಳಲ್ಲಿ ದುಡಿಯುತ್ತಿದ್ದ. ಸುದ್ದಿ ಕೇಳಿ ಹಳೆಯದೊಂದು ಎಂಜಿನ್ ತಂದುಬಿಟ್ಟ. ಅದನ್ನು ಕೌದಿಯಲ್ಲಿ ಸುತ್ತಿ ರೈಲಿನಲ್ಲಿ ಕುಡಚಿಗೆ ತಂದಿದ್ದ. ಜೊತೆಗೊಂದು ಗೋಣಿಚೀಲವೂ ಇತ್ತು. ದೋಣಿಯ ಹಿಂದೆ ಬಡಿಗನಿಂದ ದಪ್ಪ ಹಲಗೆ ಹಾಕಿಸಿ ಎಂಜಿನ್ ಬಿಗಿದರು. ಪೆಟ್ರೋಲಿನ ಮೇಲೆ ಹಗ್ಗ ಎಳೆದು ಚಾಲೂ ಮಾಡುವುದನ್ನೂ, ಕಾಯ್ದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದನ್ನೂ ಕಲಿಸಿ ಮಾಳಸಿದ್ದ ಮರಳಿದ. ಹೋಗುವಾಗ ಚೀಲ ತೋರಿಸಿ ಒಂದೇ ಮಾತು ಹೇಳಿದ: "ಅಕ್ಕಾ, ಪಂಖಾ ಒಟ್ಟು ಮೂರು ಅದಾವು. ನಿನ್ನ ದೋಣಿಗೆ ಯಾವುದು ಹೊಂದತೈತಿ ನೀನಾ ನೋಡಬೇಕು. ನಮ್ಮ ದೋಣಿ ಬ್ಯಾರೆ, ನೀರು ಬ್ಯಾರೆ."

ನೀರಿನೊಳಗೆ ತಿರುಗಿ ದೋಣಿಯನ್ನು ನೂಕುವ ಆ ಮೂರನ್ನೂ ನಾನು ಕೈಯಲ್ಲಿ ಹಿಡಿದು ನೋಡಿದೆ. ಎಂಜಿನ್ನಿಗೆ ಹಾಕಿಕೊಂಡೇ ಬಂದದ್ದು ಥಳಥಳ ಹೊಳೆಯುತ್ತಿತ್ತು, ಅದರ ಎಲೆಗಳು ಬಹಳ ತಿರುಚಿಕೊಂಡಿದ್ದವು. ಎರಡನೆಯದರ ತಿರುವು ಅದಕ್ಕಿಂತ ಕಡಿಮೆ. ಮೂರನೆಯದು ಕಪ್ಪಗಿತ್ತು. ಎಲೆ ಅಗಲ, ತಿರುವು ಬಹಳ ಸ್ವಲ್ಪ. ನೋಡಿದವರು ಬೇಕೆನ್ನುವಂಥದ್ದಲ್ಲ.

ನಮ್ಮ ದಡದಲ್ಲಿ ಒಂದು ಕಟ್ಟಳೆ ಇದೆ. ಹೊಸ ದೋಣಿಯಾಗಲಿ, ಹೊಸ ಹುಟ್ಟಾಗಲಿ, ಮೊದಲ ಖೇಪಿಗೆ ದೋಣಿ ಖಾಲಿ ಇರಬೇಕು. ಹೊಳೆಗೆ ಕಾಯಿ ಒಡೆದು, ಅರಿಶಿನ ಕುಂಕುಮ ಬಿಟ್ಟು, ಏನನ್ನೂ ಹೊರದೆ ಹೋಗಿ ಬರಬೇಕು. ಗುರಪ್ಪ ನಿಂತು ಅದನ್ನು ಮಾಡಿಸಿದ. ಪಂಖಾ ಆರಿಸಿದ್ದೂ ಅಂದೇ, ಅದೇ ಖಾಲಿ ದೋಣಿಯಲ್ಲೇ.

ಹೊಳೆವ್ವ ಹಗ್ಗ ಎಳೆದಳು. ಎಂಜಿನ್ ಗುಡುಗಿತು. ಹೊಳೆಯುವ ಪಂಖಾದ ಮೇಲೆ ದೋಣಿ ಮೂತಿ ಎತ್ತಿ ಹಾರಿತು ನೋಡಿ! ನೀರು ಎರಡೂ ಕಡೆ ರೆಕ್ಕೆಯ ಹಾಗೆ ಎದ್ದಿತು. ದಡದವರು ಜೊತೆಗೆ ಓಡಲು ಹೋಗಿ ಕೆಸರಿನಲ್ಲಿ ಬಿದ್ದರು. ಎರಡನೆಯದು ಅದಕ್ಕಿಂತ ನಿಧಾನ. ಮೂರನೆಯದು ಹಾಕಿದಾಗ ಎಂಜಿನ್ ಕಿವಿ ಒಡೆಯುವ ಹಾಗೆ ಕಿರುಚಿತು, ದೋಣಿ ಮಾತ್ರ ಎಮ್ಮೆಯಂತೆ ನಡೆಯಿತು.

"ಅದನ್ನ ಒಯ್ದು ಜಂತಿಗೆ ಕಟ್ಟಬೇ," ಎಂದ ಗುರಪ್ಪ. "ನೊಣಾರೆ ಹೊಡೀತೈತಿ."

ಹೊಳೆಯುವ ಪಂಖಾ ಉಳಿಯಿತು. ಉಳಿದೆರಡು ಚೀಲ ಸೇರಿದವು.

ಮರುದಿನ ಬೆಳಕು ಹರಿಯುವಾಗ ಬಲೆಯಿಂದ ಕಟ್ಲಾ, ಬಾಳೆಮೀನು ತುಂಬಿಸಿಕೊಂಡು ಹೊರಟೆವು. ನಾನು ಬುಟ್ಟಿಗಳ ನಡುವೆ ಕುಳಿತಿದ್ದೆ. ದೋಣಿ ತುಂಬಿದಾಗ ನೀರು ಮೇಲಿನ ಹಲಗೆಯ ಮೊಳೆಗಳನ್ನು ಮುಟ್ಟುತ್ತಿತ್ತು. ಹೊಳೆವ್ವ ಹಿಡಿಕೆಯನ್ನು ಪೂರಾ ತಿರುವಿದಳು. ನಿನ್ನೆ ಹಾಡಿದ್ದ ಎಂಜಿನ್ ಇಂದು ನರಳಿತು. ಕಪ್ಪು ಹೊಗೆ ಬಿಟ್ಟಿತು. ಜಾಲಿಮರದ ತಿರುವಿಗೆ ಬರುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು. ಸೆಳವು ನಮ್ಮನ್ನು ಹಿಂದಕ್ಕೆ ಒಯ್ಯುತ್ತಿರುವಾಗಲೇ ಮಿರಜ ಗಾಡಿಯ ಸೀಟಿ ಕೇಳಿಸಿತು. ಆ ಮೀನನ್ನು ಊರೆಲ್ಲ ಹಂಚಿದೆವು.

"ಸಮುದ್ರದ ಸಾಮಾನು ಹೊಳಿಗೆ ಹೊಂದಂಗಿಲ್ಲ," ಎಂದು ಗುರಪ್ಪ ತೀರ್ಪು ಕೊಟ್ಟ. ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ಧೂಳಪ್ಪ ಹೆಂಡತಿಯ ಮುಖ ನೋಡದೆ, "ಮುಕಾದಮಗ ಹೂಂ ಅಂದಬಿಡು," ಎಂದ.

ಹೊಳೆವ್ವ ದೋಣಿಯ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಪಂಖಾವನ್ನು ಕೈಯಿಂದ ತಿರುವುತ್ತಿದ್ದಳು. ಒಂದು ಸುತ್ತು, ನಿಲ್ಲಿಸುವುದು. ಇನ್ನೊಂದು ಸುತ್ತು, ನಿಲ್ಲಿಸುವುದು. ಬಹಳ ಹೊತ್ತಾದ ಮೇಲೆ ಗಂಡನನ್ನು ಕೇಳಿದಳು: "ಏನ್ರಿ, ನೀವು ಗೌಡರ ಹೊಲದಾಗ ನೇಗಿಲ ಹೊಡೀತಿದ್ರಲ್ಲ, ಎತ್ತು ಯಾವಾಗ ನಿಲ್ತಿದ್ದೂ?"

"ಕುಳ ಆಳಕ್ಕ ಇಳಿದ್ರ ನಿಲ್ತಾವು. ಮ್ಯಾಲ ಎತ್ತಿ ಹಿಡಿದ್ರ ನಡೀತಾವು. ಯಾಕ?"

ಹೊಳೆವ್ವ ಎದ್ದು ನಿಂತಳು.

"ಇದೂ ಹಂಗಾ ಐತಿ! ಈ ಪಂಖಾ ಒಂದ ಸುತ್ತಿಗೆ ಭಾಳ ನೀರು ಹಿಡಿತೈತಿ. ಖಾಲಿ ದೋಣಿ ಹಗರ, ಅದಕ್ಕ ಓಡತು. ಭಾರ ಬಿದ್ದ ಮ್ಯಾಲ ಎಂಜಿನ್ನಿಗೆ ಉಸರ ಸಾಲಲಿಲ್ಲ. ಅಕ್ಕಾ, ನಾವು ಖಾಲಿ ದೋಣ್ಯಾಗ ಆರಿಸೀವಿ, ತುಂಬಿದ ದೋಣಿಗೆ ಹಚ್ಚೀವಿ!"

"ಕಟ್ಟಳೆ ತಪ್ಪು ಅಂತಿ ಏನು?" ಎಂದು ಗುರಪ್ಪ ಸಿಡಿದ.

"ಕಟ್ಟಳಿ ತಪ್ಪಲ್ರಿ ಕಾಕಾ. ಪೂಜೆ ಖಾಲಿ ದೋಣ್ಯಾಗ ಆಗಲಿ. ಪರೀಕ್ಷೆ ತುಂಬಿದ ದೋಣ್ಯಾಗ ಆಗಬೇಕು."

ಮೀನನ್ನು ಮತ್ತೆ ಕೆಡಿಸುವ ಹಾಗಿರಲಿಲ್ಲ. ಹಾಗಾಗಿ ಮರುದಿನ ಮೀನಿನ ಬದಲು ನಮ್ಮನ್ನೇ ತುಂಬಿದಳು. ಒದ್ದೆ ಬಲೆಗಳು, ಮರಳಿನ ಚೀಲಗಳು, ನಾನು, ಪಕ್ಕದ ಮನೆಯ ಗಿರಿಜವ್ವ, ಕೊನೆಗೆ ಓಣಿಯಲ್ಲೇ ದಪ್ಪಗಿದ್ದ ಸತ್ತೆವ್ವ.

"ನಾ ಹತ್ತಿದ ಮ್ಯಾಲ ಮರಳ ಯಾಕಬೇ?" ಎಂದು ಸತ್ತೆವ್ವನೇ ಕೇಳಿದಳು.

"ಮರಳ ಮಾತಾಡಂಗಿಲ್ಲ, ಅದಕ್ಕ," ಎಂದಳು ಗಿರಿಜವ್ವ.

ನೀರು ಮೇಲಿನ ಹಲಗೆಯ ಮೊಳೆ ಮುಟ್ಟಿದೆಯೇ ಎಂದು ನಾನು ಎರಡೂ ಕಡೆ ಬಗ್ಗಿ ನೋಡಿದೆ. ಎಡಗಡೆ ಮುಟ್ಟಿತ್ತು, ಬಲಗಡೆ ಒಂದು ಬೆರಳು ಉಳಿದಿತ್ತು. ಸತ್ತೆವ್ವನನ್ನು ಬಲಕ್ಕೆ ಸರಿಸಿದ ಮೇಲೆ ಸರಿಹೋಯಿತು.

ಎರಡನೆಯ ಪಂಖಾ ಹಾಕಿ ಹೊರಟೆವು. ಹೊಗೆ ಕಡಿಮೆ, ನರಳಾಟವೂ ಕಡಿಮೆ. ಆದರೆ ಜಾಲಿಮರದ ಎದುರು ಬಂದಾಗ ದೋಣಿ ನಿಂತಲ್ಲೇ ನಿಂತಿತು. ಎಂಜಿನ್ ಮುಂದಕ್ಕೆ ನೂಕುತ್ತದೆ, ಹೊಳೆ ಹಿಂದಕ್ಕೆ ನೂಕುತ್ತದೆ, ಮರ ನಮ್ಮ ಪಕ್ಕದಿಂದ ಕದಲುವುದೇ ಇಲ್ಲ. "ಮರಾನೂ ನಮ್ಮ ಕೂಡ ಬರಾಕತ್ತೈತಿ!" ಎಂದಳು ಸತ್ತೆವ್ವ. ಯಾರೂ ನಗಲಿಲ್ಲ. ಹಿಂದೆ ಬಂದೆವು.

ಹೊಳೆವ್ವ ಮೊಣಕಾಲುದ್ದ ನೀರಿನಲ್ಲಿ ನಿಂತು ಪಿನ್ನು ಕಿತ್ತು, ನಟ್ಟು ಬಿಚ್ಚಿ, ಕಪ್ಪು ಪಂಖಾ ಏರಿಸಿದಳು. ದಡದಲ್ಲಿ ಧೂಳಪ್ಪ ನಿಂತಿದ್ದ. ಹಗ್ಗ ಎಳೆದಳು. ಈ ಸಲ ಎಂಜಿನ್ ನರಳಲಿಲ್ಲ, ಕಿರುಚಲೂ ಇಲ್ಲ. ಗಂಟಲು ಬಿಟ್ಟು ಒಂದೇ ಸಮನೆ ಹಾಡಿತು. ದೋಣಿ ಹಾರಲಿಲ್ಲ, ಆದರೆ ಸೆಳವನ್ನು ಎದೆಯಿಂದ ಒತ್ತಿಕೊಂಡು ಹೋಯಿತು. ಜಾಲಿಮರ ಮುಂದೆ ಇತ್ತು. ಪಕ್ಕಕ್ಕೆ ಬಂತು. ನಾವು ಮೂವರೂ ದೋಣಿಯ ಅಂಚು ಹಿಡಿದು ಮರವನ್ನೇ ನೋಡುತ್ತಿದ್ದೆವು. ಅದರ ಬುಡ ಮೆಲ್ಲಗೆ ಸರಿಯಿತು, ಕೊಂಬೆ ಸರಿಯಿತು, ಮರ ಹಿಂದೆ ಉಳಿಯಿತು!

"ದಾಟಿತ್ರೆವ್ವಾ, ದಾಟಿತು!" ಎಂದು ಗಿರಿಜವ್ವ ಕೂಗಿದಳು. ಸತ್ತೆವ್ವ ಎದ್ದು ಕುಣಿಯಲು ಹೋದಳು. ದೋಣಿ ಹೊಯ್ದಾಡಿತು.

"ಕುಂಡ್ರಬೇ, ನೀ ಎದ್ರ ಲೆಕ್ಕ ತಪ್ಪತೈತಿ!" ಎಂದು ಹೊಳೆವ್ವ ಬೈದಳು. ಬೈಯುತ್ತಲೇ ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು.

ತಿರುಗುವ ಮನಸ್ಸು ಯಾರಿಗೂ ಆಗಲಿಲ್ಲ. ಮರಳಿನ ಸಮೇತ ಕುಡಚಿಗೇ ಹೋದೆವು. ಮೀನು ಕೊಳ್ಳುವ ಆಬಾಸಾಹೇಬ ಘಾಟಿನ ಮೇಲೆ ತಕ್ಕಡಿ ಹಿಡಿದು ನಿಂತಿದ್ದ. "ಇವತ್ತ ಏನ ತಂದೀರಿ?" ಎಂದು ಕೇಳಿದ.

"ಇವತ್ತ ಮರಳ, ಮುದಿಕ್ಯಾರು. ನಾಳಿ ಮೀನ!" ಎಂದಳು ಹೊಳೆವ್ವ.

ಮರುದಿನ ಮೀನು ಮಿರಜ ಗಾಡಿ ಹತ್ತಿತು. ಅಮಾವಾಸ್ಯೆಯ ದಿನ ಮುಕಾದಮ ಬಂದಾಗ ಧೂಳಪ್ಪನೇ ಅವನಿಗೆ ಚಹಾ ಕೊಟ್ಟು, ಹುರಿದ ಮೀನು ತಿನ್ನಿಸಿ ಕಳಿಸಿದ. ಕುಡಚಿಯಿಂದ ಖಾಲಿ ಬರುವಾಗ ಕಪ್ಪು ಪಂಖಾ ಕಿರುಚುತ್ತಿತ್ತು. ಅದಕ್ಕೆ ಹೊಳೆವ್ವ ಹಿಡಿಕೆಯನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದಳು, ಉಳಿದದ್ದನ್ನು ಸೆಳವು ನೋಡಿಕೊಳ್ಳುತ್ತಿತ್ತು. ಮರುವರ್ಷ ಇನ್ನಿಬ್ಬರು ಎಂಜಿನ್ ತಂದಾಗ ಗುರಪ್ಪನೇ ನಿಂತು ಹೆಂಗಸರನ್ನು ದೋಣಿಗೆ ಹತ್ತಿಸಿದ. ಸತ್ತೆವ್ವನಿಗಂತೂ ಬಹಳ ಕರೆ ಬಂದವು.

ಹೀಗೆ ಆರು ವರ್ಷ ನಡೆಯಿತು. ಆಮೇಲೆ ಕೆಳಗಡೆ ಆಣೆಕಟ್ಟಿನ ಹಿನ್ನೀರು ಹರಡುತ್ತಿದೆ, ಅಲ್ಲಿ ಮೀನು ರಾಶಿ ಇದೆ ಎಂಬ ಸುದ್ದಿ ಬಂತು. ಧೂಳಪ್ಪ, ಹೊಳೆವ್ವ ಹೊರಟರು. ಪಾತ್ರೆ, ಬಲೆ, ಎರಡು ಕೋಳಿ, ಎಲ್ಲ ದೋಣಿಯಲ್ಲೇ. ನಾನು ಘಾಟಿನಲ್ಲಿ ರೊಟ್ಟಿಯ ಗಂಟು ಕೊಟ್ಟೆ. ನನ್ನ ಕಣ್ಣು ತುಂಬಿತ್ತು, ಹೊಳೆವ್ವನ ಲಕ್ಷ್ಯ ಮಾತ್ರ ಆಗಲೇ ಆ ನೀರಿನ ಮೇಲೆ ಹೋಗಿತ್ತು. ಹಗ್ಗಕ್ಕೆ ಕೈ ಹಾಕಿದವಳು ತಟ್ಟನೆ ನಿಂತು ನನ್ನ ಕಡೆ ತಿರುಗಿದಳು.

"ಅಕ್ಕಾ, ಅಲ್ಲಿ ಗಾಳಿ ಬೀಸಿದ್ರ ದೊಡ್ಡ ದೊಡ್ಡ ತೆರಿ ಏಳತಾವಂತ. ತೆರಿ ಮ್ಯಾಲ ದೋಣಿ ಎದ್ದಾಗ ಪಂಖಾ ನೀರ ಬಿಟ್ಟು ಮ್ಯಾಲ ಬಂದ್ರ ಸುಮ್ಮನ ಗಾಳ್ಯಾಗ ತಿರಗತೈತಿ. ಹಿಂದಿನ ಹಲಗಿ ಕೊಯ್ಸಿ ಎಂಜಿನ್ ಒಂದ ಗೇಣ ತಗ್ಗಿಸಿ ಕಟ್ಟಲೇನಬೇ?"